ಕಾಂಡ್ಲಾವನದಲ್ಲಿ ಹಲಗೆಯ ಹಾದಿ

ಈ ಸ್ಮರಣ ಸಂಚಿಕೆಯಲ್ಲಿ ಶಾಲೆಯ ಚರಿತ್ರೆಯನ್ನೂ ಗತಿಸಿದ ಉಪಾಧ್ಯಾಯಿನಿಯರ ಗುಣಗಳನ್ನೂ ಬರೆಯತಕ್ಕ ಸಮರ್ಥ ಲೇಖನಿಗಳು ಬೇರೆ ಇರುತ್ತವೆ. ನಾವು ಹೇಳಹೊರಟಿರುವುದು ಮರದ ಹಲಗೆಗಳಿಂದ ಮಾಡಿದ ಒಂದು ದಾರಿಯನ್ನು ಕುರಿತು. ಹೆಣ್ಣುಮಕ್ಕಳ ಹೈಸ್ಕೂಲಿನ ಸಂಚಿಕೆಯಲ್ಲಿ ಬಡಗಿಯ ಮಾತೇಕೆಂದು ತಾಯಿತಂದೆಗಳು ಕೇಳಬಹುದು. ಬಡಗಿಯ ಮನೆಯಲ್ಲಿ ಬೆಳೆದಾತನನ್ನು ಗುರುವೆಂದು ಒಪ್ಪಿಕೊಂಡ ಶಾಲೆಯಲ್ಲಿ ಬಡಗಿಯ ಮಾತು ಹೊರಗಿನದಾಗಲಾರದು.

ಶರಾವತಿಯು ಸಮುದ್ರವನ್ನು ಸೇರುವ ಹೊನ್ನಾವರದ ಬಳಿಯಲ್ಲಿ ಅರಣ್ಯ ಇಲಾಖೆಯವರು ಕಾಂಡ್ಲಾವನದ ನಡುವೆ ಹಲಗೆಯ ಹಾದಿಯೊಂದನ್ನು ಮಾಡಿಸಿರುವ ಸಂಗತಿಯು ನಮ್ಮ ಓದುಗರಲ್ಲಿ ಅನೇಕರಿಗೆ ತಿಳಿದದ್ದೇ. ಭರತದ ನೀರು ಏರಿ ಇಳಿಯುವ ಕೆಸರಿನ ಮೇಲೆ, ಕಾಲಿಗೆ ಮಣ್ಣು ಸೋಕದಂತೆ, ಮರಗಳ ನಡುವೆ ನಡೆದುಹೋಗುವುದಕ್ಕೆ ಅಲ್ಲಿ ಸಾಧ್ಯವಾಗಿದೆ. ಕಾಂಡ್ಲಾ ಮರವು ಊರುಗೋಲುಗಳಂಥ ಬೇರುಗಳನ್ನು ಕೆಸರಿಗೆ ಇಳಿಬಿಟ್ಟು ನಿಂತಿರುತ್ತದೆ. ಅದರ ಬೀಜವು ತಾಯಿಮರದಲ್ಲಿ ತೂಗುತ್ತಿರುವಾಗಲೇ ಮೊಳೆತು, ನುಗ್ಗೆಕಾಯಿಯಂತೆ ಉದ್ದವಾಗಿ ಬೆಳೆದು, ಆಮೇಲೆ ಕಳಚಿ ಬಿದ್ದು, ಕೆಸರಿನಲ್ಲಿ ನಾಟಿಕೊಳ್ಳುತ್ತದೆ ಅಥವಾ ನೀರಿನೊಡನೆ ತೇಲಿಹೋಗಿ ಬೇರೊಂದು ದಡದಲ್ಲಿ ಬೇರೂರುತ್ತದೆ. ಉಪ್ಪಟ್ಟಿಯ ಜಾತಿಯ ಮರಗಳು ಇನ್ನೊಂದು ಉಪಾಯವನ್ನು ಮಾಡಿಕೊಂಡಿವೆ. ಉಸಿರಾಟಕ್ಕೆ ಗಾಳಿಯಿಲ್ಲದ ಆ ಕರಿಯ ಕೆಸರಿನೊಳಗಿಂದ ಅವುಗಳ ಬೇರುಗಳು ಸೀಸದ ಕಡ್ಡಿಗಳಂತೆ ಸಾವಿರಗಟ್ಟಲೆ ಮೇಲಕ್ಕೆ ಚಾಚಿಕೊಂಡು, ಮೈಮೇಲಿನ ಸಣ್ಣ ರಂಧ್ರಗಳಿಂದ ಉಸಿರನ್ನೆಳೆದುಕೊಳ್ಳುತ್ತವೆ. ಪುಸ್ತಕದಲ್ಲಿ ಚಿತ್ರವನ್ನು ನೋಡಿ ಈ ಪಾಠವನ್ನು ಬಾಯಿಪಾಠ ಮಾಡಿದ ಹುಡುಗಿಯು ಪರೀಕ್ಷೆಯಲ್ಲಿ ಅಂಕಗಳನ್ನು ಪಡೆಯುವಳು. ಇಳಿತದ ಹೊತ್ತಿನಲ್ಲಿ ಹಲಗೆಯ ಮೇಲೆ ಮೊಣಕಾಲೂರಿ ಅರ್ಧ ಗಳಿಗೆ ಕೆಳಗೆ ನೋಡಿದ ಹುಡುಗಿಯಾದರೋ ಅದನ್ನು ಮುದುಕಿಯಾದ ಮೇಲೂ ಮರೆಯಲಾರಳು.

ಆದುದರಿಂದ ಇಂಥ ಹಾದಿಗಳಿರಬೇಕೆಂಬುದೇ ನಮ್ಮ ಪಕ್ಷ. ಅದಕ್ಕೆ ಇನ್ನೊಂದು ಕಾರಣವೂ ಉಂಟು. ಅದನ್ನು ಈ ಸಂಚಿಕೆಯಲ್ಲಿ ಹೇಳದೆ ಬೇರೆಲ್ಲಿ ಹೇಳಬೇಕು? ಕಾಡಿಗಾಗಲಿ ಕೆಸರಿಗಾಗಲಿ ಗಂಡಸರು ಪಂಚೆಯನ್ನೆತ್ತಿಕಟ್ಟಿ ಇಳಿದುಹೋಗುವಾಗ ಸೀರೆಯುಟ್ಟ ತಾಯಂದಿರು ದಡದಲ್ಲಿ ಬುತ್ತಿಯನ್ನು ಕಾದುಕೊಂಡು ಕುಳಿತಿರುವುದು ನಮ್ಮಲ್ಲಿ ಬಹುಕಾಲದ ವಾಡಿಕೆ. ಕಾಲಿಗೆ ಬಲವಿಲ್ಲದ ಮಗುವೂ ಕಣ್ಣು ಮಂದವಾದ ಅಜ್ಜಿಯೂ ಅವರ ಜತೆಯಲ್ಲಿಯೇ ಉಳಿಯುವರು. ದೇವರು ತನ್ನ ಕೈಕೆಲಸವನ್ನು ಗಟ್ಟಿ ಕಾಲುಳ್ಳವರಿಗೆ ಮಾತ್ರವೇ ತೋರಿಸಬೇಕೆಂದು ಸಂಕಲ್ಪಿಸಿದನೆಂದು ನಾವು ನಂಬುವುದಿಲ್ಲ. ಸಮತಟ್ಟಾದ ಹಲಗೆಯ ಹಾದಿಯು ಗಾಲಿಕುರ್ಚಿಯನ್ನೂ ಕಾಡಿನೊಳಕ್ಕೆ ಕರೆದುಕೊಂಡು ಹೋಗಬಲ್ಲುದು. ಆದರೆ ಅದನ್ನು ಬಲ್ಲವರು ಕಟ್ಟಿರಬೇಕು. ಹಲಗೆಗಳನ್ನು ನಡೆಯುವ ದಿಕ್ಕಿಗೆ ಅಡ್ಡವಾಗಿ ಹಾಸದೆ ಉದ್ದಕ್ಕೆ ಹಾಸಿದರೆ ಗಾಲಿಯು ಸಂದಿನಲ್ಲಿ ಸಿಕ್ಕಿಕೊಳ್ಳುವುದು. ಸಂದು ಅರ್ಧ ಅಂಗುಲಕ್ಕಿಂತ ಹೆಚ್ಚಾದರೆ ಊರುಗೋಲಿನ ತುದಿಯು ಒಳಕ್ಕಿಳಿಯುವುದು. ಏರಿನಲ್ಲಿ 12 ಅಡಿಗೆ 1 ಅಡಿಗಿಂತ ಕಡಿದಾದ ಇಳಿಜಾರನ್ನಿಟ್ಟರೆ ಕುರ್ಚಿಯನ್ನು ತಳ್ಳುವವಳ ಪ್ರಾಣವೇ ಹೋಗುವುದು. ಇವೆಲ್ಲ ಸಣ್ಣ ಲೆಕ್ಕಗಳು. ಆದರೆ ಇವುಗಳನ್ನು ಮರೆತ ಹಾದಿಯು ಯಾರಿಗಾಗಿ ಬೇಕಾಗಿತ್ತೋ ಅವರನ್ನೇ ಹೊರಗಿಡುತ್ತದೆ.

ಇಷ್ಟು ಹೇಳಿದ ಮೇಲೆ, ನಮ್ಮ ಆತಂಕವನ್ನೂ ಮುಚ್ಚಿಡಬಾರದು. ಹಾದಿಯೇ ಇಲ್ಲದ ಕಡೆಗೆ ಜನರು ಹೋದರೆ ಆಗುವ ಕೇಡು ಬಲ್ಲವರಿಗೆ ಗೊತ್ತು. ಮೊದಲನೆಯವನು ಹೋದ ಜಾಡು ಕೆಸರಾಗುತ್ತದೆ, ಎರಡನೆಯವನು ಕೆಸರನ್ನು ತಪ್ಪಿಸಲು ಪಕ್ಕಕ್ಕೆ ಕಾಲಿಡುತ್ತಾನೆ, ಮೂರನೆಯವನು ಅದಕ್ಕೂ ಪಕ್ಕಕ್ಕೆ. ಹೀಗೆ ಒಂದು ಗೇಣಿನ ಜಾಡು ಒಂದು ಮಾರಾಗಿ, ಉಸಿರಾಡುವ ಬೇರುಗಳು ಮುರಿದು, ಮಣ್ಣು ಬಿಗಿದು, ಏಡಿಯ ಬಿಲಗಳು ಮುಚ್ಚಿಹೋಗುವುವು. ಇದನ್ನು ತಪ್ಪಿಸುವುದಕ್ಕಾಗಿಯೇ ಹಲಗೆಯ ಹಾದಿ. ಆದರೆ ಅದನ್ನು ಕಟ್ಟುವ ಕೈಗಳು ಆತುರದವಾಗಿದ್ದರೆ ಸಾವಿರ ಜನರ ತುಳಿತಕ್ಕಿಂತ ಒಂದು ತಿಂಗಳ ಕಟ್ಟೋಣವೇ ಹೆಚ್ಚು ಕೆಡಿಸೀತು. ಯಂತ್ರವು ಹೋಗುವುದಕ್ಕೆಂದು ಮಣ್ಣು ಸುರಿದು ದಿಣ್ಣೆ ಹಾಕಿದರೆ ಭರತದ ನೀರು ಒಳಭಾಗಕ್ಕೆ ಬಾರದೆ ಆಚೆಯ ಮರಗಳು ಸೊರಗಿ ಸಾಯುವುವು. ಮರಗಳನ್ನು ತೋರಿಸುವುದಕ್ಕಾಗಿ ಮರಗಳನ್ನು ಕೊಂದ ಹಾದಿಯನ್ನು ನಾವು ಹಾದಿಯೆಂದು ಕರೆಯಲಾರೆವು.

ಹಾಗಾದರೆ ಹೇಗೆ ಕಟ್ಟಬೇಕು? ಒಳ್ಳೆಯ ಕ್ರಮವೇನೆಂದರೆ, ದಡದಿಂದ ಆರಂಭಿಸಿ, ಕಟ್ಟಿದ ಭಾಗದ ಮೇಲೆಯೇ ನಿಂತು ಮುಂದಿನ ಭಾಗವನ್ನು ಕಟ್ಟುತ್ತ ಹೋಗುವುದು. ಕೆಲಸಗಾರರು ಕೆಸರಿಗೆ ಇಳಿಯಬೇಕಾದ ಸಂದರ್ಭವೇ ಅಪರೂಪವಾಗಬೇಕು. ಹಾದಿಯು ನೆಟ್ಟಗೆ ಹೋಗಬೇಕೆಂಬ ಹಟವೂ ಬೇಡ. ಮರವು ಎದುರಾದಲ್ಲಿ ಹಾದಿಯು ಬಳಸಿಕೊಂಡು ಹೋಗತಕ್ಕದ್ದು. ಹಲಗೆಗಳ ಕೆಳಗೆ ಬೆಳಕು ಬೀಳದಿದ್ದರೆ ಸಸಿಯೂ ಹುಲ್ಲೂ ಬದುಕವು. ಆದಕಾರಣ ಹಾದಿಯು ಅಗಲ ಕಡಿಮೆಯಾಗಿಯೂ ನೆಲದಿಂದ ಎತ್ತರವಾಗಿಯೂ ಇರುವಷ್ಟು ಅದರ ನೆರಳು ತೆಳುವಾಗುವುದು. ಪೂರ್ವಪಶ್ಚಿಮವಾಗಿ ಚಾಚಿದ ಹಾದಿಯ ನೆರಳು ದಿನವೆಲ್ಲ ಒಂದೇ ಪಟ್ಟಿಯ ಮೇಲೆ ಬೀಳುವುದುಂಟು. ಉತ್ತರದಕ್ಷಿಣವಾಗಿದ್ದರೆ ಸೂರ್ಯನೊಡನೆ ನೆರಳೂ ಸರಿಯುತ್ತದೆ. ನಾಲ್ಕು ಅಡಿಯ ಅಗಲವನ್ನಿಟ್ಟು, ಎದುರಿನಿಂದ ಬರುವವರಿಗೆ ದಾರಿ ಬಿಡುವುದಕ್ಕಾಗಿ ಅಲ್ಲಲ್ಲಿ ಮಾತ್ರ ಅಗಲಿಸಿದರೆ ಸಾಕೆಂದು ನಮಗೆ ತೋರುತ್ತದೆ. ಎರಡು ಮೋಟಾರುಗಳು ಹೋಗುವಷ್ಟು ಅಗಲವನ್ನು ಬಯಸುವವರು ಹೆದ್ದಾರಿಗೆ ಹೋಗಲಿ.

ಕಂಬಗಳ ವಿಷಯದಲ್ಲಿ ಒಂದು ಚರಿತ್ರೆ ಇದೆ. ಕೆಸರಿನಲ್ಲಿ ಗುಂಡಿ ತೋಡಿ ಕಾಂಕ್ರೀಟು ಸುರಿಯುವುದು ಈಗಿನ ಗುತ್ತಿಗೆದಾರರ ಸುಲಭವಾದ ದಾರಿ. ಹಸಿ ಸಿಮೆಂಟನ್ನು ತೊಳೆದ ನೀರು ಕ್ಷಾರವುಳ್ಳದ್ದು. ಅದು ಹರಿದುಹೋದಲ್ಲಿ ಮೀನು ಬದುಕುವುದಿಲ್ಲ. ಇದಕ್ಕೆ ಬದಲಾಗಿ ತುದಿಯಲ್ಲಿ ತಿರುಪಿನ ಅಲಗುಳ್ಳ ಕಬ್ಬಿಣದ ಕಂಬವನ್ನು ತಿರುಗಿಸಿ ತಿರುಗಿಸಿ ನೆಲಕ್ಕೆ ಇಳಿಸುವ ಉಪಾಯವೊಂದಿದೆ. ಇದನ್ನು ಕಂಡುಹಿಡಿದು 1833ರಲ್ಲಿ ಹಕ್ಕುಪತ್ರವನ್ನು ಪಡೆದವನು ಐರ್ಲೆಂಡಿನ ಅಲೆಕ್ಸಾಂಡರ್ ಮಿಚೆಲನು. ಆತನಿಗೆ ಯೌವನದಲ್ಲಿಯೇ ಎರಡು ಕಣ್ಣುಗಳೂ ಹೋಗಿದ್ದುವು. ಮರಳಿನ ದಿಬ್ಬಗಳ ಮೇಲೆ ದೀಪಸ್ತಂಭಗಳನ್ನು ನಿಲ್ಲಿಸುವುದಕ್ಕೆ ಆ ಕುರುಡನ ತಿರುಪು ಕಂಬಗಳೇ ಆಧಾರವಾದುವು. ಅಗೆತವಿಲ್ಲ, ಸುರಿತವಿಲ್ಲ, ಬೇಡವೆಂದ ದಿನ ಹಿಂದಕ್ಕೆ ತಿರುಗಿಸಿ ಕಿತ್ತುಕೊಂಡು ಹೋಗಬಹುದು. ಉಪ್ಪುನೀರಿನ ತುಕ್ಕಿಗೆ ಸತುವಿನ ಲೇಪವು ಅವಶ್ಯ, ವೆಚ್ಚವೂ ಹೆಚ್ಚು. ಆದರೂ ವಾಪಸು ತೆಗೆಯಬಹುದಾದದ್ದನ್ನೇ ಕಾಡಿನಲ್ಲಿ ಕಟ್ಟಬೇಕೆಂಬುದು ನಮಗೆ ನ್ಯಾಯವಾಗಿ ಕಾಣುತ್ತದೆ.

ಮರವು ಬಾಳುವುದಿಲ್ಲವೆಂದು ಹೇಳುವವರಿಗೆ ಇಂಗ್ಲೆಂಡಿನ ಸಾಮರ್ಸೆಟ್ ಸೀಮೆಯ ಜೌಗುನೆಲದಿಂದ ಒಂದು ಉತ್ತರವಿದೆ. 1970ರಲ್ಲಿ ಅಲ್ಲಿಯ ಕರಿಮಣ್ಣಿನೊಳಗೆ ಸಿಕ್ಕಿದ ಓಕ್ ಹಲಗೆಗಳ ಹಾದಿಯು ಕ್ರಿಸ್ತಪೂರ್ವ 3807ರ ಸುಮಾರಿಗೆ ಕಟ್ಟಿದ್ದೆಂದು ಮರದ ಉಂಗುರಗಳನ್ನೆಣಿಸಿದ ಪಂಡಿತರು ನಿರ್ಣಯಿಸಿರುತ್ತಾರೆ. ಅದನ್ನು ಸ್ವೀಟ್ ಟ್ರ್ಯಾಕ್ ಎಂದು ಕರೆಯುವರು. ಗಾಳಿ ತಾಗದ ಜೌಗಿನಲ್ಲಿ ಹೂತಿದ್ದ ಕಾರಣ ಅದು ಉಳಿಯಿತು. ಬಿಸಿಲಿಗೂ ಮಳೆಗೂ ಮೈಯೊಡ್ಡಿರುವ ನಮ್ಮ ಹಲಗೆಗೆ ಆ ಭಾಗ್ಯವಿಲ್ಲ. ನಮ್ಮ ಕರಾವಳಿಯಲ್ಲಿ ಮೇಲೆ ಗೆದ್ದಲು, ನೀರಿನಲ್ಲಿ ಹಡಗುಹುಳ. ಈ ಹಡಗುಹುಳವು ಹೆಸರಿಗೆ ಹುಳವಾದರೂ ಚಿಪ್ಪಿನ ಕುಲಕ್ಕೆ ಸೇರಿದ ಪ್ರಾಣಿ. ಹೊರಗೆ ಒಂದು ಸೂಜಿತೂತು ಕಾಣಿಸುವಷ್ಟರಲ್ಲಿ ಒಳಗೆ ಕಂಬವನ್ನೆಲ್ಲ ಜರಡಿಮಾಡಿರುತ್ತದೆ. ಅದಕ್ಕೆ ಹೆದರಿ ತಾಮ್ರ, ಕ್ರೋಮಿಯಂ, ಪಾಷಾಣಗಳ ಕಷಾಯವನ್ನು ಮರಕ್ಕೆ ಕುಡಿಸುವ ಪದ್ಧತಿ ಇದೆ. ಆ ವಿಷವು ಸ್ವಲ್ಪ ಸ್ವಲ್ಪವಾಗಿ ನೀರಿಗಿಳಿಯುತ್ತದೆ. ಅಮೆರಿಕೆಯಲ್ಲಿ ಮನೆಗಳಿಗೂ ಮಕ್ಕಳ ಆಟದ ಸಲಕರಣೆಗಳಿಗೂ ಇಂಥ ಮರವನ್ನು ಸಿದ್ಧಪಡಿಸುವುದನ್ನು 2003ರ ಅಂತ್ಯಕ್ಕೆ ತಯಾರಕರೇ ನಿಲ್ಲಿಸಿದರು. ಮಕ್ಕಳ ಕೈಗೆ ಆಗದ್ದು ಏಡಿಮರಿಗೆ ಹೇಗೆ ಆದೀತು? ಪ್ಲಾಸ್ಟಿಕ್ಕಿನ ಹಲಗೆಯನ್ನು ಹೊಗಳುವವರೂ ಇದ್ದಾರೆ. ಅದು ಕೊಳೆಯದು ನಿಜ. ಆದರೆ ಬಿಸಿಲಿಗೆ ಹಿಗ್ಗಿ ಬಾಗುತ್ತದೆ, ಸವೆದಂತೆಲ್ಲ ಅದರ ಪುಡಿಯು ನೀರಿಗೆ ಸೇರುತ್ತದೆ. ನಮ್ಮ ಮಟ್ಟಿಗೆ, ನೀರು ಮುಟ್ಟುವ ಕಂಬಗಳು ಲೋಹದವಾಗಿಯೂ, ಮೇಲಿನ ಹಲಗೆಗಳು ಹತ್ತಿರದಲ್ಲೇ ಬೆಳೆಸಿದ ನೆಡುತೋಪಿನ ಗಟ್ಟಿ ಮರದವಾಗಿಯೂ, ಒಂದು ಕೆಟ್ಟರೆ ಒಂದನ್ನೇ ಬಿಚ್ಚಿ ಬದಲಿಸುವಂತೆ ತಿರುಪುಮೊಳೆಯಿಂದ ಬಿಗಿದವಾಗಿಯೂ ಇದ್ದರೆ ಒಳ್ಳೆಯದು. ದೂರದೇಶದ ಮಳೆಕಾಡನ್ನು ಕಡಿದು ತಂದ ಮರದಿಂದ ನಮ್ಮ ಕಾಡನ್ನು ಕಾಯುವೆವೆಂಬುದು ನಗೆಪಾಟಲಿನ ಮಾತು.

ಹೊಸ ಮನೆಯನ್ನು ಕಟ್ಟುವವನು ಮಾಳಿಗೆಗೆ ಅಂಚುಗೋಡೆಯನ್ನು ಮಾಡಿಸಬೇಕೆಂಬ ಕಟ್ಟಳೆಯು ಧರ್ಮೋಪದೇಶಕಾಂಡದಲ್ಲಿರುವುದನ್ನು ನಮ್ಮ ಓದುಗರು ಬಲ್ಲರು. ಬಿದ್ದವನ ರಕ್ತಾಪರಾಧವು ಕಟ್ಟಿದವನ ಮೇಲೆ ಬರುವುದು. ಎತ್ತರದ ಹಾದಿಗೆ ಕೈಪಿಡಿ ಬೇಕೇ ಬೇಕು. ಚಿಕ್ಕ ಮಕ್ಕಳು ನುಸುಳದಂತೆ ಕೆಳಗಿನ ಕಂಬಿಯೂ ಬೇಕು. ಆದರೆ ರಾತ್ರಿಯ ದೀಪಗಳೂ ಧ್ವನಿವರ್ಧಕಗಳೂ ಬಣ್ಣದ ಕಮಾನುಗಳೂ ಯಾವ ಶಾಸ್ತ್ರದಲ್ಲಿಯೂ ಹೇಳಿಲ್ಲ. ಕತ್ತಲೆಯೂ ಮೌನವೂ ಆ ವನದ ನಿವಾಸಿಗಳ ಆಸ್ತಿ.

ಕಾಯಿದೆಯು ಏನು ಹೇಳುತ್ತದೆ? 2019ರ ಜನವರಿಯಲ್ಲಿ ಕೇಂದ್ರ ಸರಕಾರವು ಹೊರಡಿಸಿದ ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆಯು ಕಾಂಡ್ಲಾವನಗಳನ್ನು ಅತಿ ಸೂಕ್ಷ್ಮವಾದ ವರ್ಗದಲ್ಲಿಟ್ಟಿದೆ. ಆದರೂ ಒಪ್ಪಿಗೆ ಪಡೆದ ಯೋಜನೆಗೆ ಒಳಪಟ್ಟು, ಗುರುತಿಸಿದ ಸ್ಥಳಗಳಲ್ಲಿ ಇಂಥ ನಡೆಹಾದಿಗಳಿಗೆ ಎಡೆಗೊಟ್ಟಿದೆ. ಬಾಗಿಲು ತೆರೆದಿದೆ ಎಂದಾಯಿತು. 2024ರಲ್ಲಿ ಕುಮಟೆಯ ಸೀಮೆಯ ಅಘನಾಶಿನಿ ಅಳಿವೆಯು ಅಂತರರಾಷ್ಟ್ರೀಯ ಮಹತ್ವದ ಜೌಗುಭೂಮಿಯಾಗಿ ರಾಮ್ಸರ್ ಪಟ್ಟಿಯನ್ನು ಸೇರಿತು. ಇಂಥ ಕೀರ್ತಿ ಬಂದ ಸ್ಥಳಕ್ಕೆ ನೋಡುವವರೂ, ಅವರ ಹಿಂದೆ ಗುತ್ತಿಗೆದಾರರೂ ಬರುವುದು ಲೋಕರೂಢಿ. ಅಘನಾಶಿನಿಯಲ್ಲಿ ಇಳಿತದ ಹೊತ್ತಿಗೆ ಸೊಂಟದವರೆಗೆ ನೀರಿನಲ್ಲಿ ನಿಂತು ಚಿಪ್ಪನ್ನು ಹೆಕ್ಕಿ ಸಂಸಾರವನ್ನು ಸಾಗಿಸುವ ಹೆಂಗಸರಿದ್ದಾರೆ. ಅವರಿಗೆ ಅಲ್ಲಿಯ ಕೆಸರು ನೋಟದ ವಸ್ತುವಲ್ಲ, ಅನ್ನದ ಬಟ್ಟಲು. ಎಲ್ಲಿ ಚಿಪ್ಪು ಬೆಳೆಯುತ್ತದೆ, ಯಾವ ತೋಡಿನಿಂದ ಭರತವು ನುಗ್ಗುತ್ತದೆ, ಯಾವ ದಡವು ಮಳೆಗಾಲದಲ್ಲಿ ಕುಸಿಯುತ್ತದೆ ಎಂಬುದನ್ನು ಅವರಷ್ಟು ಬಲ್ಲ ಇಂಜಿನಿಯರನು ಇರಲಾರನು. ನಕ್ಷೆಯನ್ನು ಬರೆಯುವ ಮೊದಲು ಅವರನ್ನು ಕೇಳತಕ್ಕದ್ದು. ಕೇಳಿದಂತೆ ನಟಿಸುವುದಲ್ಲ, ಅವರು ಬೇಡವೆಂದ ಕಡೆಯಲ್ಲಿ ಕಟ್ಟದೆ ಇರುವುದು. ಚೀಟಿ ಕೊಂಡು ಬಂದ ನಮ್ಮ ಹೆಣ್ಣುಮಕ್ಕಳು ಮೇಲಿನಿಂದ ಚಿತ್ರ ತೆಗೆಯುವಾಗ, ಕೆಳಗೆ ದುಡಿಯುವ ಹೆಣ್ಣುಮಗಳು ದೋಣಿಯನ್ನು ಸುತ್ತುಬಳಸಿ ತರಬೇಕಾಗಿ ಬಂದರೆ ಅದು ನಮಗೆ ನಾಚಿಕೆಯ ಸಂಗತಿ.

ಇನ್ನೊಂದು ಮಾತು ಸ್ವಲ್ಪ ಕಹಿಯಾದೀತು. ಹಲಗೆಯ ಹಾದಿಯೆಂಬುದು ನಮ್ಮ ಸೀಮೆಗೆ ಹೊಸದಲ್ಲ. ಅಡಿಕೆಯ ಮರವನ್ನು ಅಡ್ಡ ಹಾಕಿ ತೋಡನ್ನು ದಾಟುವ ಕಾಲುಸಂಕವು ನಮ್ಮ ಅಜ್ಜಂದಿರ ಕಾಲದ್ದು, ಈಗಲೂ ಇದೆ. ಆಷಾಢದ ಕೆಂಪುನೀರು ಭೋರ್ಗರೆಯುವಾಗ ಪುಸ್ತಕದ ಚೀಲವನ್ನು ಬೆನ್ನಿಗೇರಿಸಿ, ಹಗ್ಗವೊಂದನ್ನು ಹಿಡಿದು, ಜಾರುವ ಮರದ ಮೇಲೆ ಹೆಜ್ಜೆಯಿಟ್ಟು ಶಾಲೆಗೆ ಹೋಗುವ ಮಕ್ಕಳು ಮಲೆನಾಡಿನಲ್ಲಿಯೂ ಕರಾವಳಿಯಲ್ಲಿಯೂ ಇನ್ನೂ ಇದ್ದಾರೆ. ಹಾಗೆ ಹೋಗಿ ಮನೆಗೆ ಹಿಂತಿರುಗದ ಮಕ್ಕಳೂ ಉಂಟು. ವಿಹಾರಕ್ಕೆ ಬರುವವರ ಕಾಲು ನೆನೆಯದಂತೆ ನೋಡಿಕೊಳ್ಳಬಲ್ಲ ವಿದ್ಯೆಯೂ ಹಣವೂ ನಮ್ಮಲ್ಲಿರುವಾಗ, ಆ ಸಂಕಗಳಿಗೆ ಕೈಪಿಡಿಯಿಲ್ಲದಿರುವುದಕ್ಕೆ ಯಾವ ನೆಪವೂ ಸಾಲದು. ಎರಡರ ಬಡಗಿಯೂ ಒಬ್ಬನೇ, ಕಂಬವೂ ಹಲಗೆಯೂ ಅವೇ. ಯಾವ ತಾಲೂಕಿನಲ್ಲಿ ಶಾಲೆಯ ದಾರಿಯ ಸಂಕಗಳು ಭದ್ರವಾಗಿಲ್ಲವೋ ಆ ತಾಲೂಕಿನಲ್ಲಿ ನೋಟದ ಹಾದಿಗೆ ಮೊದಲ ಮೊಳೆಯನ್ನು ಹೊಡೆಯಬಾರದೆಂದು ನಾವು ಅಭಿಪ್ರಾಯಪಡುತ್ತೇವೆ.

ಉದ್ಘಾಟನೆಯ ದಿನ ಹೂಮಾಲೆಗಳಿರುತ್ತವೆ. ಮೂರನೆಯ ಮಳೆಗಾಲ ಮುಗಿದಾಗ ಪಾಚಿ ಕಟ್ಟಿದ ಹಲಗೆಯನ್ನು ಉಜ್ಜುವುದಕ್ಕೆ ಯಾರೂ ಇರುವುದಿಲ್ಲ. ಕೊಳೆತ ಹಲಗೆ ಮುರಿದಲ್ಲಿ ಜನರು ಕೆಸರಿಗಿಳಿದು ಬಳಸಿಕೊಂಡು ಹೋಗುವರು; ಅಲ್ಲಿಗೆ ಹಾದಿಯನ್ನು ಕಟ್ಟಿದ ಉದ್ದೇಶವೇ ಕೆಟ್ಟಿತು. ಆದುದರಿಂದ ಪ್ರವೇಶದ ಚೀಟಿಯಿಂದ ಬಂದ ಹಣದಲ್ಲಿ ರಿಪೇರಿಯ ಪಾಲನ್ನು ಮೊದಲೇ ತೆಗೆದಿಡಬೇಕು, ಆ ಲೆಕ್ಕವನ್ನು ಹಾದಿಯ ಬಾಗಿಲಿನಲ್ಲಿಯೇ ಬರೆದು ಹಾಕಬೇಕು.

ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಉಪಾಧ್ಯಾಯಿನಿಯರಿದ್ದಾರೆ, ಇಂಜಿನಿಯರುಗಳಿದ್ದಾರೆ, ಪಂಚಾಯತಿಯ ಸದಸ್ಯೆಯರೂ ಇದ್ದಾರೆ. ತಮ್ಮ ಊರಿನಲ್ಲಿ ಇಂಥ ಹಾದಿಯ ಪ್ರಸ್ತಾಪ ಬಂದಾಗ ಅವರು ಕೇಳಬೇಕಾದ ಪ್ರಶ್ನೆಗಳು ಕಠಿಣವಾದವಲ್ಲ: ಯಂತ್ರವು ಎಲ್ಲಿ ನಿಲ್ಲುವುದು, ಮರಕ್ಕೆ ಯಾವ ಮದ್ದನ್ನು ಕುಡಿಸಿದೆ, ಚಿಪ್ಪು ಹೆಕ್ಕುವವರು ಏನೆಂದರು, ಹತ್ತನೆಯ ವರ್ಷದಲ್ಲಿ ಹಲಗೆಯನ್ನು ಬದಲಿಸುವವರು ಯಾರು. ಶಾಲೆಗಳಲ್ಲಿರುವವರು ಇನ್ನೂ ಒಂದು ಕೆಲಸವನ್ನು ಮಾಡಬಹುದು. ಹಾದಿಯನ್ನು ಕಟ್ಟುವ ಮೊದಲೇ ಹುಡುಗಿಯರನ್ನು ಆ ದಡಕ್ಕೆ ಕರೆದುಕೊಂಡು ಹೋಗಿ, ಒಂದು ಗಜದ ಚೌಕವನ್ನು ಹಗ್ಗದಿಂದ ಗುರುತುಮಾಡಿ, ಅದರೊಳಗಿನ ಉಸಿರುಬೇರುಗಳನ್ನೂ ಏಡಿಯ ಬಿಲಗಳನ್ನೂ ಎಣಿಸಿ ಬರೆದಿಡಲಿ. ಕಟ್ಟಿದ ಮರುವರ್ಷ ಅದೇ ತಿಂಗಳು, ಅದೇ ಇಳಿತದ ಹೊತ್ತಿನಲ್ಲಿ ಪುನಃ ಎಣಿಸಲಿ. ಎರಡು ಲೆಕ್ಕಗಳನ್ನೂ ಅರಣ್ಯ ಇಲಾಖೆಯವರಿಗೆ ಕಳುಹಿಸಲಿ. ಒಂದು ಪ್ರತಿಯನ್ನು ಮುಂದಿನ ಸಂಚಿಕೆಗೆ ನಮಗೂ ಕಳುಹಿಸಿಕೊಟ್ಟರೆ ಸಂತೋಷದಿಂದ ಅಚ್ಚುಹಾಕಿಸುವೆವು.