ಕಷ್ಟಕಾಲದ ಮಕ್ಕಳು ಮತ್ತು ನಮ್ಮ ಕಥೆಪುಸ್ತಕಗಳು

ಚರಿತ್ರೆಯ ಪಾಠ ಮಾಡಿದ ಉಪಾಧ್ಯಾಯರೆಲ್ಲರೂ ಬಲ್ಲ ಸಂಗತಿಯೊಂದಿದೆ. ಬರಗಾಲದಲ್ಲಿ ಲಕ್ಷಾಂತರ ಜನ ಸತ್ತರೆಂಬ ವಾಕ್ಯವನ್ನು ಪಠ್ಯಪುಸ್ತಕದಿಂದ ಓದಿದಾಗ ತರಗತಿಯಲ್ಲಿ ಒಂದು ಮುಖವೂ ಬದಲಾಗುವುದಿಲ್ಲ. ಮಕ್ಕಳು ಆ ಸಂಖ್ಯೆಯ ಕೆಳಗೆ ಗೆರೆ ಎಳೆದುಕೊಳ್ಳುತ್ತಾರೆ. ಅದು ಒಂದು ಅಂಕದ ಪ್ರಶ್ನೆಗೆ ಉತ್ತರವಾಗಿ ಉಳಿಯುತ್ತದೆ. ಅದೇ ಮಕ್ಕಳು ಪುಣ್ಯಕೋಟಿ ತನ್ನ ಕರುವನ್ನು ಬಿಟ್ಟುಹೊರಡುವ ಪ್ರಸಂಗ ಬಂದಾಗ ಉಸಿರು ಬಿಗಿಹಿಡಿದು ಕೂರುತ್ತಾರೆ. ಹಸುವಿನ ಕಥೆಗೆ ಕರಗುವ ಮನಸ್ಸು ಮನುಷ್ಯರ ಸಾವಿಗೆ ಕರಗದಿದ್ದರೆ ಅದು ಮಕ್ಕಳ ದೋಷವಲ್ಲ. ಸಂಖ್ಯೆಗೆ ಮುಖವಿಲ್ಲ, ಮುಖ ಕೊಡಬೇಕಾದುದು ಕಥೆ.

ಹತ್ತರಿಂದ ಹದಿಮೂರು ವರ್ಷದೊಳಗಿನ ಮಕ್ಕಳಿಗಾಗಿ ಬರೆಯುವ ಚಾರಿತ್ರಿಕ ಕಥೆಗಳ ಬಗ್ಗೆ, ಅದರಲ್ಲೂ ಕಷ್ಟಕ್ಕೆ ಸಿಲುಕಿದ ಮಕ್ಕಳನ್ನು ಕುರಿತ ಕಥೆಗಳ ಬಗ್ಗೆ, ನನ್ನ ಒಂದೆರಡು ಅಭಿಪ್ರಾಯಗಳನ್ನು ಇಲ್ಲಿ ಹಂಚಿಕೊಳ್ಳಬಯಸುತ್ತೇನೆ. ಈ ವಯಸ್ಸು ವಿಶಿಷ್ಟವಾದುದು. ಅಜ್ಜಿಕಥೆಯ ಕಾಲ ಮುಗಿದಿರುತ್ತದೆ, ದೊಡ್ಡವರ ಕಾದಂಬರಿಯ ಕಾಲ ಇನ್ನೂ ಬಂದಿರುವುದಿಲ್ಲ. ಕಥೆ ಮುಗಿದೊಡನೆ ‘ಇದು ನಿಜವಾಗಿ ನಡೆಯಿತೇ?’ ಎಂದು ಕೇಳುವ ವಯಸ್ಸು ಇದು. ಆ ಪ್ರಶ್ನೆಗೆ ಪ್ರಾಮಾಣಿಕವಾಗಿ ಉತ್ತರ ಕೊಡಬಲ್ಲ ಪುಸ್ತಕ ಮಾತ್ರ ಅವರ ಕೈಗೆ ಹೋಗಲು ಯೋಗ್ಯ ಎಂಬುದು ನನ್ನ ನಿಲುವು. ಕಥೆಯೊಳಗಿನ ಮಗು ಕಲ್ಪಿತವಾಗಿರಬಹುದು. ಅದು ಬದುಕಿದ ಕಾಲ ಕಲ್ಪಿತವಾಗಕೂಡದು.

ಮೊದಲು ಒಂದು ಆಕ್ಷೇಪವನ್ನು ಎತ್ತಿಕೊಳ್ಳೋಣ. ‘ಎಳೆಯ ಮನಸ್ಸಿಗೆ ಹಸಿವು, ಸಾವು, ಅಗಲಿಕೆಗಳ ಕಥೆ ಏಕೆ? ನಗುವ ವಯಸ್ಸಿನಲ್ಲಿ ಅಳಿಸುವುದೇಕೆ?’ ಎಂದು ಪೋಷಕರು ಕೇಳುತ್ತಾರೆ. ಪ್ರೀತಿಯಿಂದ ಹುಟ್ಟಿದ ಪ್ರಶ್ನೆಯಾದ್ದರಿಂದ ಇದನ್ನು ತಳ್ಳಿಹಾಕಲಾಗದು. ಆದರೆ ಕನ್ನಡದ ಮಕ್ಕಳನ್ನು ದುಃಖದಿಂದ ದೂರವಿಟ್ಟು ಬೆಳೆಸಿದ್ದು ಯಾವಾಗ? ಹರಿಶ್ಚಂದ್ರನ ಕಥೆಯಲ್ಲಿ ಲೋಹಿತಾಶ್ವ ಹಾವು ಕಚ್ಚಿ ಸಾಯುತ್ತಾನೆ. ತಾಯಿ ಅವನನ್ನು ಹೊತ್ತು ಸ್ಮಶಾನಕ್ಕೆ ಬರುತ್ತಾಳೆ. ‘ಕೆರೆಗೆ ಹಾರ’ದ ಭಾಗೀರಥಿಯ ಗತಿ ಏನಾಯಿತೆಂದು ನಮ್ಮ ಹಳ್ಳಿಯ ಮಕ್ಕಳಿಗೆ ಯಾರೂ ಮುಚ್ಚಿಡಲಿಲ್ಲ. ಈ ಕಥೆಗಳು ಮಕ್ಕಳನ್ನು ಹೆದರಿಸಲಿಲ್ಲ. ತಮಗಿಂತ ಹೊರಗಿನ ನೋವಿಗೆ ಕಣ್ಣು ತೆರೆಸಿದವು. ಹಾಗಿರುವಾಗ ಚರಿತ್ರೆಯ ನೋವಿಗೆ ಮಾತ್ರ ಬಾಗಿಲು ಹಾಕುವುದು ನ್ಯಾಯವಲ್ಲ.

ಇಂಥ ಬರವಣಿಗೆಯನ್ನು ಹೊರದೇಶಗಳಲ್ಲಿ ಗಂಭೀರವಾಗಿ ನಡೆಸಿಕೊಂಡು ಬಂದವರಿದ್ದಾರೆ. ಅಮೆರಿಕದ ಮಿಲ್ಡ್ರೆಡ್ ಟೇಲರ್ 1976ರಲ್ಲಿ ಪ್ರಕಟಿಸಿದ ‘ರೋಲ್ ಆಫ್ ಥಂಡರ್, ಹಿಯರ್ ಮೈ ಕ್ರೈ’ ಎಂಬ ಕಾದಂಬರಿ 1933ರ ಮಿಸಿಸಿಪ್ಪಿಯಲ್ಲಿ ನಡೆಯುತ್ತದೆ. ಅದರಲ್ಲಿ ಒಂದು ಶಾಲೆಯ ದೃಶ್ಯವಿದೆ. ಕರಿಯ ಮಕ್ಕಳ ಶಾಲೆಗೆ ಪಠ್ಯಪುಸ್ತಕಗಳು ಬಂದಿವೆ. ಓದಲು ಬಲ್ಲ ಆರು ವರ್ಷದ ಬಾಲಕನೊಬ್ಬ ತನ್ನ ಪುಸ್ತಕದ ರಟ್ಟಿನ ಒಳಬದಿಯ ಪಟ್ಟಿಯನ್ನು ನೋಡುತ್ತಾನೆ. ವರ್ಷವರ್ಷವೂ ಬಿಳಿಯ ಮಕ್ಕಳು ಬಳಸಿ, ಸವೆದು, ತೀರ ಕೆಟ್ಟ ಸ್ಥಿತಿಗೆ ಬಂದ ಮೇಲೆ ಆ ಪುಸ್ತಕ ಕರಿಯ ಮಗುವಿನ ಪಾಲಿಗೆ ಬಂದಿರುವುದು ಅಲ್ಲಿ ನಮೂದಾಗಿದೆ. ಹುಡುಗ ಪುಸ್ತಕವನ್ನು ನೆಲಕ್ಕೆಸೆದು ತುಳಿಯುತ್ತಾನೆ, ಏಟು ತಿನ್ನುತ್ತಾನೆ. ಅದೇ ಶಾಲೆಯ ಶಿಕ್ಷಕಿಯಾದ ಅವನ ತಾಯಿ ಆ ಪಟ್ಟಿಯ ಮೇಲೆ ಕಾಗದ ಕತ್ತರಿಸಿ ಅಂಟಿಸುತ್ತಾಳೆ. ವರ್ಣಭೇದವೆಂಬ ಪದಕ್ಕೆ ನಾನು ಕಂಡ ವ್ಯಾಖ್ಯೆಗಳಲ್ಲಿ ಇಷ್ಟು ಸ್ಪಷ್ಟವಾದುದು ಇನ್ನೊಂದಿಲ್ಲ. ಏಕೆಂದರೆ ಹಳೆಯ ಪುಸ್ತಕ, ಹೊಸ ಪುಸ್ತಕ ಎಂಬುದು ಮಗುವಿನ ಲೋಕದ ಮಾತು. ದೊಡ್ಡ ಅನ್ಯಾಯ ಇಲ್ಲಿ ಮಗುವಿನ ಅಂಗೈಯಷ್ಟಾಗಿ ಬಂದು ನಿಂತಿದೆ.

ಲೋಯಿಸ್ ಲೌರಿಯವರ ‘ನಂಬರ್ ದಿ ಸ್ಟಾರ್ಸ್’ (1989) ಇನ್ನೊಂದು ಉದಾಹರಣೆ. ಕಥೆ 1943ರ ಡೆನ್ಮಾರ್ಕಿನದು. ನಾಜಿಗಳು ಯೆಹೂದಿಗಳನ್ನು ಬಂಧಿಸಲು ಸಿದ್ಧರಾದಾಗ ಡೇನಿಷ್ ಜನರು ಏಳು ಸಾವಿರಕ್ಕೂ ಹೆಚ್ಚು ಯೆಹೂದಿಗಳನ್ನು ದೋಣಿಗಳಲ್ಲಿ ಸ್ವೀಡನ್ನಿಗೆ ದಾಟಿಸಿದರು. ಹತ್ತು ವರ್ಷದ ಆನ್‌ಮರೀ ಈ ಕಥೆಯಲ್ಲಿ ಕತ್ತಿ ಹಿಡಿಯುವುದಿಲ್ಲ, ಸೈನ್ಯವನ್ನು ಸೋಲಿಸುವುದಿಲ್ಲ. ಬುಟ್ಟಿಯೊಂದನ್ನು ಹಿಡಿದು ಕಾಡಿನ ದಾರಿಯಲ್ಲಿ ಓಡಿ ಮಾವನ ದೋಣಿಗೆ ತಲುಪಿಸುತ್ತಾಳೆ, ಅಷ್ಟೆ. ಬುಟ್ಟಿಯಲ್ಲಿದ್ದುದು ಸೈನಿಕರ ನಾಯಿಗಳ ಘ್ರಾಣಶಕ್ತಿಯನ್ನು ಕೆಡಿಸುವ ಮದ್ದು ಸವರಿದ ಕರವಸ್ತ್ರ. ಇದು ಲೇಖಕಿಯ ಕಲ್ಪನೆಯಲ್ಲ. ಅಂಥ ಕರವಸ್ತ್ರಗಳನ್ನು ನಿಜವಾಗಿಯೂ ಬಳಸಲಾಗಿತ್ತು. ಪುಸ್ತಕದ ಕೊನೆಯಲ್ಲಿ ಲೌರಿಯವರು ಇದರಲ್ಲಿ ಯಾವುದು ನಡೆದದ್ದು, ಯಾವುದು ತಾವು ಕಟ್ಟಿದ್ದು ಎಂಬುದನ್ನು ಬಿಡಿಸಿ ಹೇಳಿದ್ದಾರೆ. ಮಕ್ಕಳ ಮೇಲೆ ಗೌರವವಿರುವ ಲೇಖಕರು ಮಾಡಬೇಕಾದ ಕೆಲಸವಿದು.

ಇದಕ್ಕೆ ವಿರುದ್ಧವಾದ ನಿದರ್ಶನವೂ ಉಂಟು, ಅದೂ ಬಹು ಪ್ರಸಿದ್ಧವಾದ ಪುಸ್ತಕದಲ್ಲಿ. ಹಿರೋಷಿಮಾದ ಸಡಾಕೊ ಸಸಾಕಿ ಎರಡು ವರ್ಷದ ಮಗುವಾಗಿದ್ದಾಗ, 1945ರ ಆಗಸ್ಟ್ 6ರಂದು, ಅಣುಬಾಂಬು ಬಿತ್ತು. 1955ರಲ್ಲಿ ಅವಳಿಗೆ ರಕ್ತದ ಕ್ಯಾನ್ಸರ್ ಕಾಣಿಸಿಕೊಂಡಿತು. ಸಾವಿರ ಕಾಗದದ ಕೊಕ್ಕರೆಗಳನ್ನು ಮಡಿಸಿದರೆ ಇಷ್ಟಾರ್ಥ ಸಿದ್ಧಿಸುವುದೆಂಬ ನಂಬಿಕೆಯಿಂದ ಅವಳು ಆಸ್ಪತ್ರೆಯ ಹಾಸಿಗೆಯಲ್ಲಿ ಔಷಧಿಯ ಹೊದಿಕೆ ಕಾಗದಗಳನ್ನೂ ಬಿಡದೆ ಮಡಿಸುತ್ತ ಹೋದಳು. ಅದೇ ವರ್ಷ ಅಕ್ಟೋಬರ್ 25ರಂದು, ಹನ್ನೆರಡನೆಯ ವಯಸ್ಸಿನಲ್ಲಿ, ತೀರಿಕೊಂಡಳು. ಎಲಿನರ್ ಕೋರ್ 1977ರಲ್ಲಿ ಬರೆದ ಕಥೆಯಲ್ಲಿ ಸಡಾಕೊ 644 ಕೊಕ್ಕರೆಗಳಿಗೇ ಕೊನೆಯುಸಿರೆಳೆಯುತ್ತಾಳೆ. ಉಳಿದವನ್ನು ಗೆಳೆಯರು ಮಡಿಸಿ ಸಾವಿರ ಮಾಡುತ್ತಾರೆ. ಜಗತ್ತಿನ ಅಸಂಖ್ಯ ಮಕ್ಕಳು ಓದಿದ್ದು ಇದನ್ನೇ. ಆದರೆ ಅವಳು ಸಾವಿರವನ್ನು ದಾಟಿ ಮಡಿಸಿದ್ದಳೆಂದು ಅವಳ ಮನೆಯವರೂ ಹಿರೋಷಿಮಾದ ಶಾಂತಿ ಸ್ಮಾರಕ ವಸ್ತುಸಂಗ್ರಹಾಲಯವೂ ಹೇಳುತ್ತಾರೆ.

ಇಷ್ಟರಿಂದ ಏನು ಕೆಟ್ಟಿತು ಎನ್ನಬಹುದು. ನನ್ನ ದೃಷ್ಟಿಯಲ್ಲಿ ಬಹಳ ಕೆಟ್ಟಿತು. ಎಣಿಕೆ ಪೂರ್ತಿಯಾಗದ್ದರಿಂದ ಅವಳು ಉಳಿಯಲಿಲ್ಲವೇನೋ ಎಂಬ ಮಬ್ಬು ಭಾವನೆಯೊಂದು ಆ ಕಥೆಯಿಂದ ಉಳಿಯುತ್ತದೆ. ನಿಜ ಇನ್ನೂ ಕಠಿಣವಾದುದು. ಸಾವಿರ ಪೂರ್ತಿಯಾಯಿತು, ಕಾಯಿಲೆ ಹೋಗಲಿಲ್ಲ, ಆದರೂ ಹುಡುಗಿ ಇನ್ನೊಂದು ಕಾಗದವನ್ನು ಕೈಗೆತ್ತಿಕೊಂಡಳು. ಕಣ್ಣೀರು ತರಿಸಲೆಂದು ತಿದ್ದಿದ ಕಥೆಗಿಂತ ನಡೆದದ್ದೇ ದೊಡ್ಡದಾಗಿತ್ತು. ಮಕ್ಕಳು ಆ ದೊಡ್ಡದನ್ನು ತಾಳಿಕೊಳ್ಳಬಲ್ಲರು ಎಂಬ ನಂಬಿಕೆ ಬರೆಯುವವರಿಗೆ ಇರಬೇಕು.

ನಮ್ಮ ನೆಲಕ್ಕೆ ಸಮೀಪದ ಕೃತಿ ವೀರಾ ಹೀರಾನಂದಾನಿಯವರ ‘ದಿ ನೈಟ್ ಡೈರಿ’ (2018). ದೇಶವಿಭಜನೆಯ ಕಾಲದಲ್ಲಿ ಹನ್ನೆರಡು ವರ್ಷದ ನಿಶಾ ತನ್ನ ಅವಳಿ ತಮ್ಮ, ತಂದೆ, ಅಜ್ಜಿಯೊಡನೆ ಸಿಂಧ್ ಪ್ರಾಂತದ ಮೀರ್‌ಪುರ್ ಖಾಸ್ ಬಿಟ್ಟು ಜೋಧಪುರದ ಕಡೆಗೆ ಹೊರಡುತ್ತಾಳೆ. ಲೇಖಕಿಯ ತಂದೆಯ ಮನೆಯವರು ವಲಸೆ ಬಂದದ್ದೂ ಅದೇ ಹಾದಿಯಲ್ಲಿ. ನಿಶಾಳ ತಂದೆ ಹಿಂದೂ, ತೀರಿಹೋದ ತಾಯಿ ಮುಸ್ಲಿಂ. ಹಾಗಾದರೆ ತಾನು ಯಾವ ಕಡೆಯವಳು? ಕೋಟಿಗೂ ಮಿಕ್ಕಿದ ಜನ ನೆಲೆ ಕಳೆದುಕೊಂಡ ದುರಂತ ಇಲ್ಲಿ ಒಬ್ಬ ಹುಡುಗಿಯ ಬಾಯಾರಿಕೆಯಾಗಿ, ಮನೆಯಲ್ಲೇ ಉಳಿದುಹೋದ ಅಡುಗೆಯ ಕಾಜಿಯ ನೆನಪಾಗಿ ಬರುತ್ತದೆ.

ಇನ್ನು ಕನ್ನಡದ ಮಾತು. ನಮ್ಮ ಮಕ್ಕಳಿಗೆ ಚರಿತ್ರೆಯ ಪುಸ್ತಕಗಳ ಕೊರತೆಯಿಲ್ಲ. ‘ಭಾರತ ಭಾರತಿ’ಯ ಪುಟ್ಟ ಹೊತ್ತಿಗೆಗಳನ್ನೂ ‘ಅಮರ ಚಿತ್ರ ಕಥೆ’ಯನ್ನೂ ಓದಿ ಬೆಳೆದ ತಲೆಮಾರುಗಳಿವೆ. ಅವುಗಳ ಉಪಕಾರವನ್ನು ನಾನು ಮರೆಯಲಾರೆ. ಆದರೆ ಅಲ್ಲಿ ಬರುವ ಬಾಲಕ ಮುಂದೆ ದೊರೆಯೋ ವೀರನೋ ಮಹಾತ್ಮನೋ ಆಗಲಿರುವವನು. ಮುಂದೆ ಏನೂ ಆಗದ, ಆ ದಿನದ ಗಂಜಿಗಾಗಿ ಸಾಲಿನಲ್ಲಿ ನಿಂತ ಮಗುವಿಗೆ ಅಲ್ಲಿ ಜಾಗ ಸಿಕ್ಕಿದ್ದು ಕಡಿಮೆ.

ಆ ಮಗು ನಮ್ಮ ಚರಿತ್ರೆಯಲ್ಲಿ ಇದ್ದೇ ಇದೆ. 1876-78ರ ಧಾತು ಈಶ್ವರ ಬರವನ್ನೇ ನೋಡಿ. 1871ರ ಜನಗಣತಿಯಲ್ಲಿ ಸುಮಾರು 50 ಲಕ್ಷವಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರಲ್ಲಿ ಸುಮಾರು 42 ಲಕ್ಷಕ್ಕೆ ಇಳಿದಿತ್ತು. ಬಳ್ಳಾರಿ, ಧಾರವಾಡ, ಕಲಾದಗಿ ಸೀಮೆಗಳೂ ಬೆಂದವು. ಮದರಾಸು ಪ್ರಾಂತದ ಪರಿಹಾರ ಕಾಮಗಾರಿಗಳಲ್ಲಿ 1877ರಲ್ಲಿ ದುಡಿಯುವ ಗಂಡಾಳಿಗೆ ದಿನಕ್ಕೆ ಒಂದು ಪೌಂಡು, ಎಂದರೆ ಸುಮಾರು 450 ಗ್ರಾಂ, ಧಾನ್ಯ ಮತ್ತು ಪುಡಿಗಾಸು ಎಂದು ಸರ್ಕಾರ ಗೊತ್ತುಮಾಡಿತು. ಆ ಧಾನ್ಯವನ್ನು ತಂದೆ ಮನೆಗೆ ತಂದಾಗ ತಾಯಿ ಎಷ್ಟು ಪಾಲು ಮಾಡಿದಳು? ಹಿರಿಯ ಮಗಳು ತನಗೆ ಹಸಿವಿಲ್ಲವೆಂದು ಎಷ್ಟು ದಿನ ಸುಳ್ಳು ಹೇಳಿದಳು? ಇಲ್ಲಿಂದ ಒಂದು ಕಥೆ ಆರಂಭವಾಗಬಹುದು. 1898ರಲ್ಲಿ ಬೆಂಗಳೂರಿಗೆ ಬಂದ ಪ್ಲೇಗಿನದೂ ಇದೇ ಮಾತು. ಇಲಿ ಬಿತ್ತೆಂದರೆ ಮನೆ ಬಿಟ್ಟು ಊರ ಹೊರಗಿನ ಜೋಪಡಿಗಳಲ್ಲಿ ವಾಸ. ದೊಡ್ಡವರಿಗಾಗಿ ಬರೆದವರು ಪ್ಲೇಗನ್ನು ಬಿಟ್ಟಿಲ್ಲ, ಎಸ್. ಎಲ್. ಭೈರಪ್ಪನವರ ‘ಗೃಹಭಂಗ’ದಲ್ಲಿ ಅದು ನಂಜಮ್ಮನ ಮಕ್ಕಳನ್ನು ಕೊಂಡೊಯ್ಯುವ ಪುಟಗಳನ್ನು ಓದಿದವರು ಮರೆಯಲಾರರು. ಹನ್ನೊಂದು ವರ್ಷದ ಓದುಗನಿಗೆ ಆ ಕಾಲವನ್ನು ಅವನ ಎತ್ತರದಿಂದ ತೋರಿಸುವ ಪುಸ್ತಕವೂ ಬೇಕಲ್ಲವೇ?

ದಾರಿ ತೋರಿದವರು ನಮ್ಮಲ್ಲೂ ಇದ್ದಾರೆ. ಶರಾವತಿಯ ಮುಳುಗಡೆಯನ್ನು ಹತ್ತಿರದಿಂದ ಕಂಡ ನಾ. ಡಿಸೋಜ ಅವರು ದೊಡ್ಡವರಿಗೆ ಬರೆದುದಲ್ಲದೆ ಮಕ್ಕಳಿಗೂ ಬರೆದರು. ಅವರ ‘ಮುಳುಗಡೆಯ ಊರಿಗೆ ಬಂದವರು’ ಕೃತಿಗೆ 2011ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಬಾಲಸಾಹಿತ್ಯ ಪುರಸ್ಕಾರ ಬಂತು. ಆ ದಾರಿಯಲ್ಲಿ ಹೆಜ್ಜೆಗಳು ಹೆಚ್ಚಬೇಕು.

ಹಾಗೆ ಬರೆಯುವವರಿಗೆ, ಕೊಂಡು ಕೊಡುವ ಪೋಷಕರಿಗೆ, ಆರಿಸುವ ಉಪಾಧ್ಯಾಯರಿಗೆ ಒಂದು ವಿನಂತಿ. ‘ಅವರು ಅಷ್ಟು ಕಷ್ಟಪಟ್ಟರು, ನೀನು ತಟ್ಟೆಯಲ್ಲಿ ಅನ್ನ ಬಿಡುತ್ತೀಯ’ ಎಂದು ಇಂದಿನ ಮಗುವನ್ನು ತಲೆತಗ್ಗಿಸುವಂತೆ ಮಾಡಲು ಇಂಥ ಕಥೆಯನ್ನು ಬಳಸಬೇಡಿ. ಹಾಗೆ ಮಾಡಿದರೆ ಮಗು ಆ ಪುಸ್ತಕವನ್ನು ದ್ವೇಷಿಸುತ್ತದೆ, ಆ ಇನ್ನೊಂದು ಮಗುವನ್ನೂ ದ್ವೇಷಿಸುತ್ತದೆ. ಅವರಿಬ್ಬರೂ ಗೆಳೆಯರಾಗಲಿ. ಹಳೆಯ ಕಾಲದ ಮಗುವಿನ ಬಾಯಲ್ಲಿ ಇಂದಿನ ಭಾಷಣವನ್ನು ತುರುಕಬೇಡಿ; ಅದು ಹೆದರಲಿ, ಅಳಲಿ, ಆಟವಾಡಲಿ, ಬರದ ನಡುವೆಯೂ ಗೋಲಿಗಾಗಿ ಜಗಳವಾಡಲಿ. ಕೊನೆಯ ಪುಟದಲ್ಲಿ ನಡೆದದ್ದೆಷ್ಟು, ಕಟ್ಟಿದ್ದೆಷ್ಟು ಎಂಬ ಲೆಕ್ಕವಿರಲಿ.

ಪುಣ್ಯಕೋಟಿಯ ಕಥೆ ನೂರಾರು ವರ್ಷ ಬಾಳಿದ್ದು ಸತ್ಯಕ್ಕೆ ಕೊಟ್ಟ ಬೆಲೆಯಿಂದ. ನಮ್ಮ ಅಜ್ಜ ಮುತ್ತಜ್ಜಂದಿರ ಕಾಲದ ಹಸಿದ ಮಕ್ಕಳ ಕಥೆಯನ್ನು ಹೇಳುವಾಗಲೂ ಅಷ್ಟೇ ಬೆಲೆಯನ್ನು ಕೊಡೋಣ. ಅವರಲ್ಲಿ ಅನೇಕರಿಗೆ ಊರಿನ ದಾಖಲೆಯಲ್ಲಿ ಹೆಸರೂ ಉಳಿದಿಲ್ಲ. ಒಂದು ಹೆಸರನ್ನು ಇಟ್ಟು ಕರೆಯುವ ಕೆಲಸವನ್ನು ಈಗ ಕಥೆಗಾರರೇ ಮಾಡಬೇಕಾಗಿದೆ.