ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ



"ಹಾವೂ ಸಾಯಬಾರದು, ಕೋಲೂ ಮುರಿಯಬಾರದು" ಎಂಬ ಗಾದೆಯನ್ನು ಮನೆಯ ಹಿರಿಯರ ಬಾಯಲ್ಲಿ ನೀವು ಕೇಳಿರುತ್ತೀರಿ. ಆ ಗಾದೆಯನ್ನೇ ಬದುಕಿ ತೋರಿಸಿದವರೊಬ್ಬರ ಪರಿಚಯ ಈ ಸಲದ ಅಂಕಣದಲ್ಲಿ. ನ್ಯಾಷನಲ್ ಜಿಯಾಗ್ರಫಿಕ್, ಬಿಬಿಸಿಗಳ ಚಿತ್ರಗಳಲ್ಲಿ ಹಾವು, ಮೊಸಳೆಗಳನ್ನು ಜಗತ್ತಿಗೆ ತೋರಿಸಿದ ರೋಮುಲಸ್ ವಿಟೇಕರ್ ಅವರೇ ಇವರು.

ವಿಟೇಕರ್ ಹುಟ್ಟಿದ್ದು 1943ರಲ್ಲಿ, ಅಮೆರಿಕದ ನ್ಯೂಯಾರ್ಕಿನಲ್ಲಿ. 1951ರಲ್ಲಿ ತಾಯಿ ಡೋರಿಸ್ ಅವರೊಂದಿಗೆ ಮುಂಬಯಿಗೆ ಬಂದರು. ಅವರ ಮಲತಂದೆ ರಾಮ ಚಟ್ಟೋಪಾಧ್ಯಾಯರು ನಮ್ಮ ಮಂಗಳೂರಿನಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯರ ಮಗ. ಶಾಲೆ ಕಲಿತದ್ದು ಕೊಡೈಕೆನಾಲಿನಲ್ಲಿ. ಹಾವಿನ ಹುಚ್ಚು ಬಾಲ್ಯದಿಂದಲೇ ಹತ್ತಿತ್ತು. ಅಮೆರಿಕಕ್ಕೆ ಮರಳಿ, ಮಯಾಮಿಯ ಹೆಸರಾಂತ ಸರ್ಪೋದ್ಯಾನದಲ್ಲಿ ಕೆಲಸ ಕಲಿತರು. 1967ರಲ್ಲಿ ಭಾರತಕ್ಕೆ ಹಿಂತಿರುಗಿದವರು ಇಲ್ಲಿಯೇ ನೆಲೆಸಿ, ಇಲ್ಲಿನ ಪೌರತ್ವವನ್ನೂ ಪಡೆದರು.

ಮದ್ರಾಸಿನ ಹಾವಿನ ಉದ್ಯಾನ ಅವರ ಮೊದಲ ದೊಡ್ಡ ಸಾಹಸ. 1972ರಲ್ಲಿ ಅದು ಗಿಂಡಿಗೆ ಬಂತು. 1976ರಲ್ಲಿ ಮಹಾಬಲಿಪುರದ ಹಾದಿಯಲ್ಲಿ ಮದ್ರಾಸ್ ಮೊಸಳೆ ಬ್ಯಾಂಕ್ ಆರಂಭವಾಯಿತು. ಅಳಿವಿನ ಅಂಚಿಗೆ ಬಂದಿದ್ದ ನಮ್ಮ ಮೊಸಳೆಗಳ ಸಂತತಿಯನ್ನು ಬೆಳೆಸುವುದು ಅದರ ಉದ್ದೇಶ. ಚೆನ್ನೈನ ಕನ್ನಡ ಮಕ್ಕಳಲ್ಲಿ ಹಲವರು ಶಾಲೆಯ ಪ್ರವಾಸದಲ್ಲಿ ಇದನ್ನು ನೋಡಿರಬಹುದು.

ಇಷ್ಟಕ್ಕೇ ನಿಂತಿದ್ದರೆ ಅವರು ಒಬ್ಬ ಪ್ರಾಣಿಪ್ರಿಯರಾಗಿ ಉಳಿಯುತ್ತಿದ್ದರು. ಅವರಿಗೆ ಹಾವು ಹಿಡಿಯುವ ನಿಜವಾದ ವಿದ್ಯೆ ಕಲಿಸಿದವರು ಚೆಂಗಲ್ಪಟ್ಟು ಸುತ್ತಿನ ಇರುಳರು. ಒಣನೆಲದ ಮೇಲೆ ಹಾವು ಸರಿದ ಗುರುತನ್ನು ಕಂಡು, ಅದು ಯಾವ ಬಿಲ ಸೇರಿತೆಂದು ಹೇಳಬಲ್ಲ ಜನ. ಆಗ ಅವರ ಹೊಟ್ಟೆಪಾಡು ಹಾವಿನ ಚರ್ಮದ ವ್ಯಾಪಾರದಿಂದ ನಡೆಯುತ್ತಿತ್ತು. ಲಕ್ಷಗಟ್ಟಲೆ ಹಾವುಗಳ ಚರ್ಮ ವಿದೇಶಕ್ಕೆ ಹೋಗುತ್ತಿತ್ತು. 1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂತು, 1976ರಲ್ಲಿ ಚರ್ಮದ ರಫ್ತೂ ನಿಂತಿತು. ಹಾವಿನ ಜೀವ ಉಳಿಯಿತು, ಇರುಳರ ಒಲೆ ಆರಿತು.

ಇಲ್ಲಿಯೇ ಗಾದೆ ನೆನಪಾಗುವುದು. 1978ರಲ್ಲಿ ವಿಟೇಕರ್ ಅವರ ಬೆಂಬಲದಿಂದ ಇರುಳರ ಸಹಕಾರ ಸಂಘ ಹುಟ್ಟಿತು. ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ, ಈ ನಾಲ್ಕನ್ನು ಪರವಾನಗಿ ಪಡೆದು ಹಿಡಿಯುವುದು, ಕೆಲವು ವಾರ ಮಡಕೆಯಲ್ಲಿಟ್ಟು ವಿಷ ತೆಗೆಯುವುದು, ಮತ್ತೆ ಕಾಡಿಗೆ ಬಿಡುವುದು. ಆ ವಿಷವನ್ನು ಅಲ್ಪ ಪ್ರಮಾಣದಲ್ಲಿ ಕುದುರೆಗಳಿಗೆ ಚುಚ್ಚಿ, ಅವುಗಳ ರಕ್ತದಿಂದ ಪ್ರತಿವಿಷ ತಯಾರಾಗುತ್ತದೆ. ಹಳೆಯ ವಿದ್ಯೆಯೇ ಜೀವ ಉಳಿಸುವ ಕಸುಬಾಯಿತು.

ಇದರ ಮಹತ್ವ ತಿಳಿಯಲು ಒಂದು ಅಂಕಿ ಸಾಕು. 2000ದಿಂದ 2019ರವರೆಗೆ ಭಾರತದಲ್ಲಿ ಹಾವು ಕಚ್ಚಿ ಸತ್ತವರು ಸುಮಾರು 12 ಲಕ್ಷ ಎಂದು 2020ರ ಅಧ್ಯಯನವೊಂದು ಅಂದಾಜಿಸಿತು. ಅದನ್ನು ಬರೆದವರಲ್ಲಿ ವಿಟೇಕರ್ ಕೂಡ ಒಬ್ಬರು. ಸತ್ತವರಲ್ಲಿ ಹೆಚ್ಚಿನವರು ಹಳ್ಳಿಗರು. ಅಲ್ಲದೆ ಒಂದೇ ಜಾತಿಯ ಹಾವಿನ ವಿಷ ಊರಿಂದೂರಿಗೆ ಬೇರೆಯಾಗುವುದರಿಂದ, ಒಂದು ಪ್ರದೇಶದ ವಿಷದಿಂದ ಮಾಡಿದ ಔಷಧ ಎಲ್ಲೆಡೆ ಒಂದೇ ರೀತಿ ಕೆಲಸ ಮಾಡುವುದಿಲ್ಲ. ಆದ್ದರಿಂದ ಈ ಕೆಲಸ ಇನ್ನೂ ಮುಗಿದಿಲ್ಲ.

ಕಾಳಿಂಗಸರ್ಪದ ಮೇಲಿನ ಅವರ ಚಿತ್ರಕ್ಕೆ 1998ರಲ್ಲಿ ಎಮ್ಮಿ ಪ್ರಶಸ್ತಿ ದೊರೆಯಿತು. 2005ರಲ್ಲಿ ಅವರು ಶಿವಮೊಗ್ಗ ಜಿಲ್ಲೆಯ ಆಗುಂಬೆಯಲ್ಲಿ ಮಳೆಕಾಡು ಸಂಶೋಧನಾ ಕೇಂದ್ರವನ್ನು ತೆರೆದರು. 'ಮಾಲ್ಗುಡಿ ಡೇಸ್' ಚಿತ್ರೀಕರಣವಾದ ಅದೇ ಆಗುಂಬೆ! ಅಲ್ಲಿ ಕಾಳಿಂಗದ ಮೈಯಲ್ಲಿ ಪುಟ್ಟ ರೇಡಿಯೋ ಯಂತ್ರವನ್ನಿಟ್ಟು, ಅದು ಎಲ್ಲಿ ಅಲೆಯುತ್ತದೆ, ಏನು ತಿನ್ನುತ್ತದೆ ಎಂದು ಕಾಡಿನಲ್ಲಿ ಹಿಂಬಾಲಿಸಿ ಅರಿತರು.

2018ರಲ್ಲಿ ವಿಟೇಕರ್ ಅವರಿಗೆ ಪದ್ಮಶ್ರೀ ಬಂತು. ಅದಕ್ಕಿಂತ ಹೆಚ್ಚು ಸಂತೋಷ ಕೊಡುವ ಸಂಗತಿ ಮುಂದಿನದು. 2023ರಲ್ಲಿ ಇರುಳರಾದ ವಡಿವೇಲ್ ಗೋಪಾಲ್ ಮತ್ತು ಮಾಸಿ ಸಡೈಯನ್ ಅವರಿಗೂ ಅದೇ ಪದ್ಮಶ್ರೀ ಸಂದಿತು. ಇವರಿಬ್ಬರೂ 2017ರಲ್ಲಿ ಫ್ಲಾರಿಡಾಕ್ಕೆ ಹೋಗಿ, ಅಲ್ಲಿನವರನ್ನು ಕಾಡುತ್ತಿದ್ದ ಹೆಬ್ಬಾವುಗಳನ್ನು ಹಿಡಿದುಕೊಟ್ಟಿದ್ದರು. ಕ್ಯಾಮೆರಾದ ಮುಂದೆ ನಿಂತವರಿಗೆ ಸಿಕ್ಕ ಗೌರವ, ಅವರಿಗೆ ವಿದ್ಯೆ ಕಲಿಸಿದ ಜನಕ್ಕೂ ಸಿಕ್ಕಿತು.

ಮಿತ್ರರೇ, ಇಂದು ಮೊಬೈಲಿನ ಮುಂದೆ ಹಾವಿನ ಬಾಲ ಹಿಡಿದು ಕುಣಿಸಿ ಹೆಸರು ಮಾಡಹೊರಟ ತರುಣರು ಬಹಳ. ಕೆಲವರು ಅದಕ್ಕೆ ಪ್ರಾಣವನ್ನೇ ತೆತ್ತಿದ್ದಾರೆ. ವಿಟೇಕರ್ ಅವರ ಐವತ್ತಕ್ಕೂ ಹೆಚ್ಚು ವರ್ಷಗಳ ಬದುಕಿನಲ್ಲಿ ಹಾವನ್ನು ಹಿಡಿದು ತೋರಿಸಿದ್ದು ತೀರ ಚಿಕ್ಕ ಭಾಗ. ಹಾವಿನ ಜೊತೆ ಬದುಕುವ ಬಡವರ ಗತಿಯೇನು ಎಂದು ಕೇಳಿಕೊಂಡದ್ದೇ ದೊಡ್ಡ ಭಾಗ. ಅವರನ್ನು ಅನುಸರಿಸುವ ಆಸೆಯಿದ್ದರೆ ಮೊದಲು ಇಷ್ಟು ಕಲಿಯಿರಿ. ಹಾವು ಕಚ್ಚಿದರೆ ಗಾಯವನ್ನು ಕುಯ್ಯಬಾರದು, ಬಿಗಿಯಾಗಿ ಕಟ್ಟಬಾರದು, ಬಾಯಿಂದ ಹೀರಬಾರದು. ಕಚ್ಚಿದ ಅಂಗವನ್ನು ಅಲುಗಾಡಿಸದೆ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು.

ಇನ್ನೊಂದು ಮಾತು. 2024ರಲ್ಲಿ ವಿಜ್ಞಾನಿಗಳು ಪಶ್ಚಿಮ ಘಟ್ಟದ ಕಾಳಿಂಗವನ್ನು ಬೇರೆಯೇ ಪ್ರಭೇದವೆಂದು ಗುರುತಿಸಿದರು. ಅದಕ್ಕೆ ಇಟ್ಟ ಶಾಸ್ತ್ರೀಯ ಹೆಸರು 'ಒಫಿಯೋಫಾಗಸ್ ಕಾಳಿಂಗ'. ನಮ್ಮ ಹಳ್ಳಿಗರ ನಾಲಿಗೆಯ ಮೇಲಿದ್ದ ಕನ್ನಡ ಪದ ಹೀಗೆ ಜಗತ್ತಿನ ವಿಜ್ಞಾನ ಗ್ರಂಥಗಳನ್ನು ಸೇರಿತು. ಈ ರಜೆಯಲ್ಲಿ ಊರಿಗೆ ಹೋದಾಗ ಅಜ್ಜ ಅಜ್ಜಿಯರನ್ನು ಕೇಳಿ: ನಮ್ಮ ಗದ್ದೆ ತೋಟಗಳಲ್ಲಿ ಯಾವ ಯಾವ ಹಾವುಗಳಿವೆ, ನಮ್ಮ ಕಡೆ ಅವುಗಳನ್ನು ಏನೆಂದು ಕರೆಯುತ್ತಾರೆ? ಕೇಳಿದ ಹೆಸರುಗಳನ್ನು ಬರೆದಿಟ್ಟುಕೊಳ್ಳಿ.