ಕಂಡು ಕೇಳರಿಯದ ನಾಡಿಗೆ ಗಡೀಪಾರು

2025ರ ಜುಲೈನಲ್ಲಿ ಅಮೆರಿಕ ಐವರನ್ನು ವಿಮಾನ ಹತ್ತಿಸಿ ಆಫ್ರಿಕಾದ ಎಸ್ವಾಟಿನಿಗೆ ಕಳಿಸಿತು. ಶಾಲೆಯ ಭೂಪಟದಲ್ಲಿ ಸ್ವಾಜಿಲ್ಯಾಂಡ್ ಎಂದು ನೋಡಿದ್ದೆವಲ್ಲ, ಅದೇ ದೇಶ. ಐವರಲ್ಲಿ ಒಬ್ಬರೂ ಅಲ್ಲಿಯವರಲ್ಲ. ವಿಯೆಟ್ನಾಂ, ಲಾವೋಸ್, ಯೆಮನ್, ಕ್ಯೂಬಾ, ಜಮೈಕಾದವರು. ಇಳಿದವರನ್ನು ಮತ್ಸಾಫಾದ ಬಿಗಿ ಭದ್ರತೆಯ ಜೈಲಿಗೆ ತಳ್ಳಲಾಯಿತು. ಅಮೆರಿಕದಲ್ಲಿ ಮಾಡಿದ ಅಪರಾಧಗಳಿಗೆ ಅಲ್ಲೇ ಶಿಕ್ಷೆ ಮುಗಿಸಿದ್ದರೆಂದು ಅವರ ವಕೀಲರು ಹೇಳುತ್ತಾರೆ. ಎಸ್ವಾಟಿನಿಯಲ್ಲಂತೂ ಅವರ ಮೇಲೆ ಒಂದು ಕೇಸೂ ಇರಲಿಲ್ಲ.

ತವರು ದೇಶಗಳೇ ಇವರನ್ನು ವಾಪಸ್ ಕರೆಸಿಕೊಳ್ಳಲು ಒಪ್ಪಲಿಲ್ಲ ಎಂದಿತು ಅಮೆರಿಕದ ಗೃಹಭದ್ರತಾ ಇಲಾಖೆ. ತಾನು ಹಾಗೆ ಹೇಳಿಯೇ ಇಲ್ಲ ಎಂದಿತು ಜಮೈಕಾ. ಸೆಪ್ಟೆಂಬರಿನಲ್ಲಿ ಆ ದೇಶದ ವ್ಯಕ್ತಿ ಊರು ಸೇರಿಯೂ ಬಿಟ್ಟರು. ಹಾಗಾದರೆ ನಡುವಿನ ಎರಡು ತಿಂಗಳ ಸೆರೆ ಯಾತಕ್ಕೆ? ಉಳಿದ ವಲಸಿಗರ ಎದೆಯಲ್ಲಿ ಹೆದರಿಕೆ ಬಿತ್ತಲು. ನನಗೆ ಬೇರೆ ಕಾರಣ ಕಾಣುತ್ತಿಲ್ಲ.

ಅನುಮತಿಯಿಲ್ಲದೆ ನೆಲೆಸಿದವರನ್ನು ಹೊರಗೆ ಕಳಿಸುವ ಹಕ್ಕು ಎಲ್ಲ ದೇಶಕ್ಕೂ ಇದೆ, ಒಪ್ಪುತ್ತೇನೆ. ಆದರೆ ಊರಿಗೆ ಕಳಿಸುವುದು ಬೇರೆ, ದುಡ್ಡು ಕೊಟ್ಟು ಪರರ ಜೈಲಿಗೆ ಒಪ್ಪಿಸುವುದು ಬೇರೆ. ಎಸ್ವಾಟಿನಿಗೆ ಸಂದದ್ದು 51 ಲಕ್ಷ ಡಾಲರ್.

ಇದಕ್ಕಿಂತ ಘೋರವಾದದ್ದು ಘಾನಾದ ದಾರಿ. ಊರಿಗೆ ಹೋದರೆ ಹಿಂಸೆಯಾಗುವ ಸಂಭವವೇ ಹೆಚ್ಚೆಂದು ಅಮೆರಿಕದ ನ್ಯಾಯಾಧೀಶರೇ ಒಪ್ಪಿ, ಅಲ್ಲಿಗೆ ಕಳಿಸಬಾರದೆಂದು ಆದೇಶಿಸಿದವರೂ ಘಾನಾಕ್ಕೆ ರವಾನೆಯಾದರು. ಅಂಥ ಒಬ್ಬರು ಯಾವ ನೆಲಕ್ಕೆ ಹೆದರಿದ್ದರೋ ಆ ಗ್ಯಾಂಬಿಯಾಕ್ಕೇ ಅವರನ್ನು ಘಾನಾ ಕಳಿಸಿತು. ಘಾನಾ ಮಾಡುವುದು ನಮ್ಮ ಹಿಡಿತದಲ್ಲಿಲ್ಲ ಎಂದು ಅಮೆರಿಕದ ಸರ್ಕಾರಿ ವಕೀಲರು ಕೋರ್ಟಿನಲ್ಲಿ ವಾದಿಸಿದರು. ಚಿತ್ರಹಿಂಸೆಯ ಬಾಯಿಗೆ ಯಾರನ್ನೂ ದೂಡಬಾರದು ಎನ್ನುತ್ತದೆ ವಿಶ್ವಸಂಸ್ಥೆಯ ಚಿತ್ರಹಿಂಸೆ ವಿರೋಧಿ ಒಪ್ಪಂದದ 3ನೇ ವಿಧಿ. ಇನ್ನೊಬ್ಬರ ಕೈಯಿಂದ ದೂಡಿಸಿದರೆ ಪಾಪ ಹರಿಯುತ್ತದೆಯೇ?

ಇಂಥ ಗಡೀಪಾರಿಗೆ ಕೆಳ ನ್ಯಾಯಾಲಯ ಒಡ್ಡಿದ್ದ ತಡೆಯನ್ನು 2025ರ ಜೂನ್ 23ರಂದು ಅಮೆರಿಕದ ಸುಪ್ರೀಂ ಕೋರ್ಟು ಬದಿಗಿಟ್ಟಿತು. ಜುಲೈ 9ರ ಸರ್ಕಾರಿ ಸುತ್ತೋಲೆಯ ಪ್ರಕಾರ 24 ಗಂಟೆಯ ನೋಟಿಸ್ ಸಾಕು, ತುರ್ತಿದ್ದರೆ ಆರೇ ಗಂಟೆ. ಆ ದೇಶಕ್ಕೆ ಹೋಗಲು ಭಯವಿದೆಯೇ ಎಂದು ಅಧಿಕಾರಿ ಕೇಳುವುದಿಲ್ಲ. ಬಂದಿಯೇ ಬಾಯಿಬಿಟ್ಟು ಹೇಳಬೇಕು. ಎಲ್ಲಿದೆಯೆಂದೇ ಗೊತ್ತಿಲ್ಲದ ದೇಶದಲ್ಲಿ ತನಗೇನು ಅಪಾಯವೆಂದು, ವಕೀಲರು ಸಿಗದ ಅಪರಾತ್ರಿಯಲ್ಲಿ, ಯಾರು ತಾನೇ ಹೇಳಬಲ್ಲರು?

ಇದು ನಮಗೆ ದೂರದ ಸುದ್ದಿಯಲ್ಲ. 2025ರ ಫೆಬ್ರುವರಿಯಲ್ಲಿ ಅಮೆರಿಕ ಸಾಗಿಸಿ, ಪನಾಮಾದ ಹೋಟೆಲೊಂದರಲ್ಲಿ ಕೂಡಿಹಾಕಿದ್ದ ಸುಮಾರು 300 ಜನರಲ್ಲಿ ಭಾರತೀಯರೂ ಇದ್ದರು. ಒಳಗಿದ್ದವರು ಸಹಾಯ ಮಾಡಿ ಎಂದು ಬರೆದ ಹಾಳೆಗಳನ್ನು ಕಿಟಕಿಯ ಗಾಜಿಗೆ ಒತ್ತಿ ಹಿಡಿದಿದ್ದರು. ಅದೇ ಚಿತ್ರಹಿಂಸೆ ವಿರೋಧಿ ಒಪ್ಪಂದಕ್ಕೆ ಭಾರತ 1997ರಲ್ಲಿ ಸಹಿ ಹಾಕಿದೆ, ಅನುಮೋದಿಸಿಲ್ಲ. ಮೊದಲು ಅದನ್ನು ಅನುಮೋದಿಸಲಿ. ತನ್ನ ಪ್ರಜೆಗಳನ್ನು ಮೂರನೇ ದೇಶಕ್ಕೆ ಸಾಗಿಸಕೂಡದೆಂದು ಆಮೇಲೆ ಅಮೆರಿಕಕ್ಕೆ ದನಿಯೆತ್ತಿ ಹೇಳಲಿ.